ಗಾಜಿನ ಮನೆಯಲ್ಲಿ ಬಾಡಿದ ಸಾಲು

ಅಂಬಾಬಾಯಿ ಟಮಾಟಿ ಬೆಳೆಯುತ್ತಾಳೆಂಬುದನ್ನು ಮಕ್ತಲದ ಬ್ರಾಹ್ಮಣರ ಓಣಿ ಮೊದಲನೆಯ ವರ್ಷ ನಂಬಲಿಲ್ಲ, ಎರಡನೆಯ ವರ್ಷ ಕ್ಷಮಿಸಲಿಲ್ಲ. ಮೂರನೆಯ ವರ್ಷ ಆ ಗಿಡಗಳು ಕಾಯಿ ಹೊತ್ತುಕೊಂಡೇ ಬಾಡತೊಡಗಿದಾಗ ಓಣಿಗೆ ಒಂದು ಥರದ ಸಮಾಧಾನವೇ ಆಯಿತು.

ನಿಜಾಮರ ಆಳ್ವಿಕೆಯ ಕಾಲ. ಆಗ ವೈಷ್ಣವರ ಅಡುಗೆಮನೆಗೆ ಟಮಾಟಿ ಬರುವಂತಿರಲಿಲ್ಲ. ಪರದೇಶದ ಹಣ್ಣು, ಕೊಯ್ದರೆ ರಕ್ತದ ಬಣ್ಣ, ದೇವರ ನೈವೇದ್ಯಕ್ಕೆ ಸಲ್ಲದ್ದು. ಅಂಥದ್ದನ್ನು ಮಡಿ ಹೆಂಗಸೊಬ್ಬಳು, ಅದೂ ತಲೆ ಬೋಳಿಸಿ ಕೆಂಪು ಸೀರೆ ಉಟ್ಟ ವಿಧವೆ, ಸಾಲುಸಾಲಾಗಿ ನೆಟ್ಟು, ಕೋಲು ಕಟ್ಟಿ, ಬುಟ್ಟಿ ತುಂಬಿ ಬಂಡಿಯಲ್ಲಿ ಕೃಷ್ಣಾ ಸ್ಟೇಷನ್ನಿಗೆ ಕಳಿಸುವುದೆಂದರೆ! ಅಲ್ಲಿಂದ ಅವು ರೈಲು ಹತ್ತಿ ರಾಯಚೂರಿನ ಸಾಹೇಬರ ಬಂಗಲೆಗಳಿಗೆ ಹೋಗುತ್ತಿದ್ದವು. ಅವಳು ತಾನೂ ತಿನ್ನುತ್ತಾಳೋ ಇಲ್ಲವೋ ಎಂಬ ವಿಷಯದಲ್ಲಿ ಓಣಿಯ ಕಟ್ಟೆಗಳ ಮೇಲೆ ಎರಡು ಪಂಗಡಗಳಿದ್ದವು. ಯಾರಾದರೂ ನೇರವಾಗಿ ಕೇಳಿದ್ದರೆ ಅಂಬಾಬಾಯಿ ಹೇಳಿಬಿಡುತ್ತಿದ್ದಳು: ತಿನ್ನುತ್ತೇನೆ, ಗಿಡದ ಬುಡದಲ್ಲೇ ನಿಂತು, ಉಪ್ಪು ಸಹ ಹಚ್ಚದೆ. ಯಾರೂ ಕೇಳಲಿಲ್ಲ.

ಗಾಜಿನ ಮನೆ ಜಾಗೀರದಾರರದು. ಊರ ಹೊರಗೆ, ನಾರಾಯಣಪೇಟೆಯ ದಾರಿಯ ಪಕ್ಕದ ಅವರ ತೋಟದಲ್ಲಿತ್ತು. ಮುದಿ ಜಾಗೀರದಾರರು ಎಲ್ಲೋ ಬೆಟ್ಟದ ಊರಿನಲ್ಲಿ ಅಂಥದ್ದನ್ನು ನೋಡಿ ಬಂದು, ಕಬ್ಬಿಣದ ಸಲಾಕೆ, ಗಾಜಿನ ಹಲಗೆಗಳನ್ನು ರೈಲಿನಲ್ಲಿ ತರಿಸಿ, ತಣ್ಣನೆಯ ಸೀಮೆಯ ಎಲೆಗಿಡಗಳನ್ನು ಬೆಳೆಸಲು ಕಟ್ಟಿಸಿದ್ದರು. ಆ ತೋಟದ ಮೇಲ್ವಿಚಾರಣೆ ಅಂಬಾಬಾಯಿಯ ತಂದೆ ಜಯತೀರ್ಥರಾಯರದು. ಗಂಡ ಸತ್ತು ತವರಿಗೆ ಬಂದ ಮಗಳು ಅಡುಗೆಮನೆಯ ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಮುದುಕಿಯಾಗುವುದನ್ನು ನೋಡಲಾರದೆ ರಾಯರು ಅವಳನ್ನು ದಿನಾ ತೋಟಕ್ಕೆ ಕರೆದೊಯ್ದರು. ಎಲೆ ತಿರುವಿ ನೋಡುವುದು, ಕಾಂಡ ಸೀಳಿ ನೋಡುವುದು, ಮಣ್ಣು ಹಿಡಿದು ಮೂಸುವುದು, ಇವೆಲ್ಲ ಅವರು ಕಲಿಸಿದ್ದು. ಆಮೇಲೆ ರಾಯರೂ ಹೋದರು, ಜಾಗೀರದಾರರೂ ಹೋದರು. ಜಾಗೀರದಾರರ ಮಗ ಪಟ್ಟಣ ಸೇರಿ ಹೈದರಾಬಾದಿನಲ್ಲೇ ಉಳಿದ. ಎಲೆಗಿಡಗಳು ಬಿಸಿಲಿಗೆ ಸುಟ್ಟುಹೋದವು. ಖಾಲಿ ಬಿದ್ದ ಗಾಜಿನ ಮನೆಯಲ್ಲಿ ಅಂಬಾಬಾಯಿ ಟಮಾಟಿ ಹಾಕಿದಳು. ಬಯಲಲ್ಲಿ ಹಾಕಿದರೆ ಮಂಗಗಳು ಬಿಡುತ್ತಿರಲಿಲ್ಲ. ಗಾಜಿಗೆ ಸುಣ್ಣ ಬಳಿದು ಬಿಸಿಲನ್ನು ಅರ್ಧ ಮಾಡಿಕೊಂಡರೆ ಒಳಗೆ ಗಿಡಗಳು ಆಳೆತ್ತರ ಬರುತ್ತಿದ್ದವು.

ಬಾಡು ಶುರುವಾದದ್ದು ಪುಷ್ಯಮಾಸದಲ್ಲಿ, ಹಣ್ಣು ಕೆಂಪೇರುವ ಹೊತ್ತಿಗೆ. ಮಧ್ಯಾಹ್ನ ತುದಿಗಳು ಜೋತು ಬೀಳುತ್ತಿದ್ದವು, ಬೆಳಿಗ್ಗೆ ಏನೂ ಆಗಿಲ್ಲವೆಂಬಂತೆ ಎದ್ದು ನಿಲ್ಲುತ್ತಿದ್ದವು. ಮುಂದೆ ಬೆಳಿಗ್ಗೆಯೂ ಏಳಲಿಲ್ಲ. ಅಂಬಾಬಾಯಿ ನೀರು ಸಾಲದೆಂದು ಹೆಚ್ಚು ಹಾಕಿಸಿದಳು. ಎಲೆ ಹಳದಿಯಾದವೇ ಹೊರತು ತಲೆ ಎತ್ತಲಿಲ್ಲ. ಸೆಕೆ ಹೆಚ್ಚಾಯಿತೆಂದು ಸುಣ್ಣದ ಇನ್ನೊಂದು ಪದರ ಬಳಿದು, ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿದಳು. ಮನುಷ್ಯರಿಗೆ ತಂಪಾಯಿತು, ಗಿಡಗಳಿಗೆ ಆಗಲಿಲ್ಲ. ಕಾಂಡ ಸೀಳಿದಳು, ಒಳಗೆ ಕಂದು ಗೆರೆಯಿಲ್ಲ, ಹಸಿರು ಹಸಿರಾಗೇ ಇತ್ತು. ಕೊಯ್ದ ತುಂಡನ್ನು ನೀರಿನ ಲೋಟದಲ್ಲಿ ಇಳಿಬಿಟ್ಟು ಕೂತಳು. ಕೊಳೆರೋಗವಿದ್ದರೆ ಹಾಲಿನ ಎಳೆಯಂಥದ್ದು ಇಳಿಯಬೇಕೆಂದು ತಂದೆ ಹೇಳಿದ್ದರು. ನೀರು ತಿಳಿಯಾಗಿಯೇ ಉಳಿಯಿತು. ತಂದೆ ಕಲಿಸಿದ್ದೆಲ್ಲ ಅಲ್ಲಿಗೆ ಮುಗಿಯಿತು.

ಆ ವಾರವೇ ವ್ಯಾಸಾಚಾರ್ಯರು ಮನೆಗೆ ಬಂದರು. ಓಣಿಯ ಪೌರೋಹಿತ್ಯ ಅವರದು. ಅವರ ಮಾತು ಮೀರಿದರೆ ಮನೆಯಲ್ಲಿ ಶ್ರಾದ್ಧ ಮಾಡಿಸಲು ಯಾರೂ ಸಿಗುತ್ತಿರಲಿಲ್ಲ. ಪಡಸಾಲೆಯಲ್ಲಿ ಮಣೆ ಹಾಕಿ ಕೂರಿಸಿ, ಅಂಬಾಬಾಯಿಯ ತಮ್ಮ ಅನಂತ ಎದುರಿಗೆ ಕೈಕಟ್ಟಿ ಕೂತ. ಅನಂತ ತಹಶೀಲ ಕಚೇರಿಯಲ್ಲಿ ಗುಮಾಸ್ತ, ಯಾರಿಗೂ ಇಲ್ಲ ಎನ್ನಲಾರದ ಮನುಷ್ಯ. ಅವನ ಹೆಂಡತಿ ಜಯಾಬಾಯಿ ಬಾಗಿಲ ಹಿಂದೆ ನಿಂತಿದ್ದಳು.

"ಅನಂತಾ, ಇದು ಗಿಡದ ರೋಗಲ್ಲೋ," ಎಂದರು ಆಚಾರ್ಯರು. "ನಿಷಿದ್ಧ ಪದಾರ್ಥ, ಅದಕ್ಕ ಅಮಂಗಳದ ಕೈ. ಎರಡು ವರ್ಷ ಭೂಮಿತಾಯಿ ತಡಕೊಂಡ್ಳು. ಇನ್ನ ತಡಕೊಳ್ಳಂಗಿಲ್ಲ ಅಂತ ತೋರಿಸ್ಲಿಕ್ಕತ್ಯಾಳ. ಶಿವರಾತ್ರಿ ಆದಮ್ಯಾಲೆ ಗದ್ವಾಲದಿಂದ ಮುಖ್ತಾರ ಬರ್ತಾನ. ಅಂವ ಬಂದು ನೋಡಿ ಬೈಯೂದಕ್ಕಿಂತ ಮೊದಲ, ನೀವ ಆಗಿ ಬೀಗದ ಕೈ ಕೊಟ್ಟುಬಿಡ್ರಿ. ಮರ್ಯಾದಿ ಉಳೀತದ."

ಮುಖ್ತಾರನೆಂದರೆ ಜಾಗೀರದಾರರ ಮಗನ ಪರವಾಗಿ ಇಲ್ಲಿಯ ವ್ಯವಹಾರ ನೋಡುವ ಮೊಗುಲಪ್ಪ. ಗದ್ವಾಲದಲ್ಲಿ ಹೊಸ ಕಚೇರಿ ಕಟ್ಟಿಸುತ್ತಿದ್ದ; ಅದರ ಕಿಟಕಿಗಳಿಗೆ ಈ ಗಾಜುಗಳ ಮೇಲೆ ಅವನಿಗೆ ಕಣ್ಣಿದೆಯೆಂದು ಎಲ್ಲರಿಗೂ ಗೊತ್ತಿತ್ತು.

ಅನಂತ ತಲೆ ತಗ್ಗಿಸಿ, "ಅಕ್ಕಗ ಹೇಳ್ತೀನ್ರಿ," ಎಂದ.

"ಅಕ್ಕ ಇಲ್ಲೇ ಇದ್ದಾಳ," ಎನ್ನುತ್ತ ಅಂಬಾಬಾಯಿ ನಡುಮನೆಯಿಂದ ಹೊರಗೇ ಬಂದಳು. ಗಂಡಸರೆದುರು ಅವಳು ಹಾಗೆ ಬಂದು ನಿಂತದ್ದು ಅದೇ ಮೊದಲು. ಕೈಗೆ ಮಣ್ಣು ಹತ್ತಿತ್ತು, ತೊಳೆದುಕೊಂಡಿರಲಿಲ್ಲ. "ಆಚಾರ್ಯರ, ಒಂದು ಮಾತು ಕೇಳ್ತೀನಿ. ನಿಮ್ಮ ಬೆನ್ನ ಹಿಂದ ತುಳಸೀಕಟ್ಟಿ ಅದ. ತಿರುಗಿ ನೋಡ್ರಿ. ಅಪ್ಪ ಹೋದಾಗಿಂದ ಅದಕ್ಕ ನೀರು ಹಾಕೋವಾಕಿ ನಾನೇ. ಅದ್ಯಾಕ ಒಣಗಿಲ್ಲ?"

ತುಳಸಿ ಸೊಂಟದೆತ್ತರ ಬೆಳೆದು ಕಟ್ಟೆಯ ನಾಲ್ಕೂ ಕಡೆ ಚಾಚಿತ್ತು. ಆಚಾರ್ಯರು ತಿರುಗಿ ನೋಡಲಿಲ್ಲ.

"ತುಳಸಿ ದೇವತಾ ವೃಕ್ಷ. ಅದಕ್ಕ ಯಾರ ದೋಷನೂ ತಾಗಂಗಿಲ್ಲ."

"ಹಂಗಾದ್ರ ತಾಗೋ ಗಿಡದ ಮ್ಯಾಲೇ ನೋಡೋಣ. ಗಾಜಿನ ಮನಿಯೊಳಗ ನಡುವ ದಾರಿ ಅದ. ಎಡಗಡಿ ಸಾಲು ಇವತ್ತಿನಿಂದ ನಾನು ಮುಟ್ಟಂಗಿಲ್ಲ, ಅವುಗಳ ಕಡೆ ಕಣ್ಣೆತ್ತಿ ಸಹ ನೋಡಂಗಿಲ್ಲ. ಜಯಾ ಮುತ್ತೈದಿ, ಮಕ್ಕಳ ತಾಯಿ. ನೀರು ಹಾಕೂದು, ಕಳೆ ಕೀಳೂದು, ಹಣ್ಣು ಬಿಡಿಸೂದು ಎಲ್ಲಾ ಆಕೀನೇ ಮಾಡ್ಲಿ. ಬಲಗಡಿ ನಂದು. ಶಿವರಾತ್ರಿಗೆ ಮುಖ್ತಾರ ಬಂದಾಗ ಎಡಗಡಿ ಹಸರಾಗಿದ್ದು ಬಲಗಡಿ ಸತ್ತಿದ್ರ, ಬೀಗದ ಕೈ ನಾನೇ ನಿಮ್ಮ ಕಾಲಿನ ಹತ್ರ ಇಡ್ತೀನಿ."

"ಎರಡೂ ಸತ್ರ?"

"ಸತ್ರ ನನ್ನ ಕೈಯಿಂದಲ್ಲ ಅಂತ ಓಣಿಯೊಳಗ ನಿಂತು ನೀವು ಹೇಳಬೇಕು."

ಆಚಾರ್ಯರಿಗೆ ಆಗಲಿ ಎನ್ನದೆ ಗತ್ಯಂತರವಿರಲಿಲ್ಲ. ಅನ್ನದಿದ್ದರೆ ತಮ್ಮ ಮಾತಿನ ಮೇಲೆ ತಮಗೇ ನಂಬಿಕೆಯಿಲ್ಲ ಎಂದಾಗುತ್ತಿತ್ತು.

ಜಯಾಬಾಯಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಅವಳು ಅರಿಶಿನ ಕುಂಕುಮದ ಬಟ್ಟಲು ಹಿಡಿದು ಗಾಜಿನ ಮನೆಯ ಬಾಗಿಲಿಗೆ ಬಂದಳು. ನಾರಾಯಣಪೇಟೆಯ ದೊಡ್ಡ ಮನೆಯ ಮಗಳು; ಮಕ್ತಲಕ್ಕೆ ಸೊಸೆಯಾಗಿ ಬಂದ ಮೇಲೆ ಗುಡಿ ಬಿಟ್ಟರೆ ಬೇರೆಲ್ಲಿಗೂ ಕಾಲಿಟ್ಟವಳಲ್ಲ. ಹೊಸಿಲಿಗೆ ಅರಿಶಿನ ಹಚ್ಚಿ ಒಳಗೆ ಬಂದವಳು ಸುತ್ತಲೂ ನೋಡಿದಳು. ಸುಣ್ಣದ ಗಾಜಿನಿಂದ ಸೋಸಿ ಬರುವ ಬೆಳಕು, ಹಸಿ ಮಣ್ಣಿನ ವಾಸನೆ, ಟಮಾಟಿ ಎಲೆಯ ಆ ಖಾರ ಘಾಟು.

"ಅಕ್ಕಾ, ಇಷ್ಟು ಛಂದ ಇರ್ತದಂತ ನೀವು ಒಂದು ದಿನನೂ ಹೇಳಲಿಲ್ಲಲ್ರಿ," ಎಂದಳು.

"ಕೇಳಿದ್ರ ಹೇಳ್ತಿದ್ದೆ," ಎಂದಳು ಅಂಬಾಬಾಯಿ.

ನೀರು ಹೊತ್ತು ಕೊಡುವವಳು ಕುರುಮಮ್ಮ. ತೋಟದ ಆಚೆಯ ಹಟ್ಟಿಯ ಕುರುಬರ ಹೆಂಗಸು. ಗಂಡ ಕುರುಮಯ್ಯ ಕುರಿ ಕಾಯುತ್ತಿದ್ದ. ಬಾವಿಯಿಂದ ಕೊಡ ತಂದು ಎಡಕ್ಕೊಂದು ಬಲಕ್ಕೊಂದು ಇಡುತ್ತ ಅವಳು ಇಬ್ಬರನ್ನೂ ನೋಡಿ ನಗುತ್ತಿದ್ದಳು. "ನಮ್ಮ ಬೀರಪ್ಪ ದೇವರಿಗೆ ಮುತ್ತೈದಿನೂ ಒಂದೇ, ರಂಡಮುಂಡೀನೂ ಒಂದೇ, ಕುರಿನೂ ಒಂದೇ. ನಿಮ್ಮ ದೇವರಿಗೆ ಭಾಳ ಲೆಕ್ಕ ಐತಿ ಬಾಯಾರ," ಎಂದಳು. ಬೇರೆ ಯಾರಾದರೂ ಆ ಮಾತು ಆಡಿದ್ದರೆ ಅಂಬಾಬಾಯಿ ಸಿಟ್ಟಾಗುತ್ತಿದ್ದಳು.

ಜಯಾಬಾಯಿ ಜೀವ ತೇಯ್ದು ದುಡಿದಳು. ಒಂದೊಂದು ಗಿಡದ ಮುಂದೆಯೂ ಗುರುರಾಯರ ಸ್ತೋತ್ರ ಹೇಳಿಕೊಂಡಳು. ಅಂಬಾಬಾಯಿ ಕೊಟ್ಟ ಮಾತಿನಂತೆ ಬೆನ್ನು ತಿರುಗಿಸಿಯೇ ನಿಂತಳು. ಎಡಗಡೆ ಏನಾಗುತ್ತಿದೆಯೆಂದು ಕೇಳಲೂ ಇಲ್ಲ. ಆದರೆ ಮಾಘಮಾಸದ ಒಂದು ಬೆಳಿಗ್ಗೆ ಹಿಂದಿನಿಂದ ಬಿಕ್ಕುವ ಸದ್ದು ಕೇಳಿ ತಿರುಗಲೇಬೇಕಾಯಿತು.

ಜಯಾಬಾಯಿ ಸಾಲಿನ ತುದಿಯಲ್ಲಿ ಕೂತುಬಿಟ್ಟಿದ್ದಳು. ಅವಳ ಗಿಡಗಳು ಬಲಗಡೆಯವಕ್ಕಿಂತ ಮುಂಚೆಯೇ ನೆಲ ಹಿಡಿದಿದ್ದವು. ಹಣ್ಣಾಗದ ಕಾಯಿಗಳು ಒಣಗಿದ ಬಳ್ಳಿಗೆ ನೇತಾಡುತ್ತಿದ್ದವು.

ಅಂಬಾಬಾಯಿಗೆ ಮೊದಲು ಬಂದದ್ದು ಸಂತೋಷ. ಗೆದ್ದೆ ಅನ್ನಿಸಿತು. ಆಮೇಲೆ ಜಯಾಬಾಯಿಯ ಮುಖ ಕಂಡಿತು.

"ನೀ ಯಾಕ ಅಳ್ತಿ ಜಯಾ? ಗಿಡ ಸತ್ತದ್ದಕ್ಕ ನನ್ನ ಕೈ ಕಾರಣ ಅಲ್ಲ ಅಂತ ಸಿದ್ಧ ಆತಲ್ಲ."

"ನಿಮ್ಮ ಕೈ ಅಲ್ಲ ಅಂತ ಆತು ಅಕ್ಕಾ. ಇನ್ನ ನನ್ನ ಕೈ ಅಂತಾರಲ್ರಿ." ಜಯಾಬಾಯಿ ಸೆರಗಿನಿಂದ ಮೂಗೊರೆಸಿಕೊಂಡಳು. "ನಡುವಿನ ಕೂಸು ಹೋದಾಗ ಏನೇನಂದ್ರು ಅಂತ ನಿಮಗ ಗೊತ್ತಿಲ್ಲ. ನನ್ನ ಕಾಲ್ಗುಣ ಅಂದ್ರು. ನನ್ನ ಹಾಲು ವಿಷ ಅಂದ್ರು. ಬಾವಿಕಟ್ಟಿ ಮ್ಯಾಲೆ ನಾ ಹೋದ ಕೂಡಲೆ ಮಾತು ನಿಲ್ತಿದ್ದವು. ಈಗ ಈ ಗಿಡದ ಸುದ್ದಿ ತಿಳಿದ್ರ..."

ಅಂಬಾಬಾಯಿಗೆ ಇದು ಗೊತ್ತಿರಲಿಲ್ಲ. ಒಂದೇ ಸೂರಿನ ಕೆಳಗೆ, ಒಂದೇ ಒಲೆಯ ಎರಡು ಕಡೆ ಕೂತು ಇಷ್ಟು ವರ್ಷ ಕಳೆದಿದ್ದರೂ ಗೊತ್ತಿರಲಿಲ್ಲ. ತಾನೊಬ್ಬಳೇ ಓಣಿಯ ಮಾತಿನ ಬೆಂಕಿಯಲ್ಲಿ ನಿಂತವಳೆಂದುಕೊಂಡಿದ್ದಳು. ಅವಳಿಗೆ ಸಿಟ್ಟು ಬಂತು. ಈ ಸಲ ಅದು ತನಗಾಗಿ ಅಲ್ಲ.

"ಏಳು," ಎಂದಳು. "ಅಳೂದು ಬ್ಯಾಡ. ನನ್ನ ಕೈ ಅಲ್ಲ, ನಿನ್ನ ಕೈ ಅಲ್ಲ ಅಂತ ಬರೀ ಬಾಯಿಲೆ ಹೇಳಿದ್ರ ಯಾರೂ ಕೇಳಂಗಿಲ್ಲ. ಏನು ಅಂತ ಹುಡುಕಬೇಕು. ಹುಡುಕಿ ಅವರ ಮುಂದ ಒಗೀಬೇಕು."

ಜಯಾಬಾಯಿ ಎದ್ದಳು. ಏಳುವಾಗ ಆಸರೆಗೆಂದು ಮೂಲೆಯ ಡಬ್ಬಿಯೊಂದರ ಅಂಚು ಹಿಡಿದಳು. ಅದರಲ್ಲಿದ್ದ ಗಿಡದ ಮೇಲೆ ಕಣ್ಣು ಬಿತ್ತು.

"ಅಕ್ಕಾ, ಇವ್ಯಾಕ ಬಾಡಿಲ್ಲ?"

ದಾರಿಯ ಕೊನೆಗೆ, ಯಾರ ಪಾಲಿಗೂ ಸೇರದ ಆ ಮೂಲೆಯಲ್ಲಿ ಚಿಮಣಿ ಎಣ್ಣೆಯ ಹಳೆಯ ಡಬ್ಬಿಗಳ ಒಂದು ಸಾಲಿತ್ತು. ಸಸಿ ನೆಟ್ಟ ದಿನ ಉಳಿದುಹೋದವನ್ನು ಎಸೆಯಲು ಮನಸ್ಸು ಬಾರದೆ ಅಂಬಾಬಾಯಿ ಅವುಗಳಲ್ಲಿ ನೆಟ್ಟಿದ್ದಳು. ಗಿಡಸಾಲಿನ ಮಡಿಗಳಿಂದ ತೆಗೆಯಲು ಮಣ್ಣಿಲ್ಲದ್ದಕ್ಕೆ ಕುರುಮಮ್ಮ ಕೆರೆಯಂಗಳದಿಂದ ಒಂದೆರಡು ಬುಟ್ಟಿ ಹೂಳು ತಂದು ತುಂಬಿದ್ದಳು. ಆ ಗಿಡಗಳು ಕೊಬ್ಬಿ, ಗಾಜಿಗೆ ತಲೆ ತಾಗಿಸಿ ನಿಂತಿದ್ದವು.

ಅಂಬಾಬಾಯಿ ದಿನಾ ಅವಕ್ಕೆ ನೀರು ಹಾಕುತ್ತಿದ್ದಳು, ಆದರೆ ನೋಡಿರಲಿಲ್ಲ. ಸಾಯುವ ಗಿಡಗಳ ಮೇಲೇ ಕಣ್ಣು ನೆಟ್ಟಿದ್ದವಳಿಗೆ ಬದುಕಿದವು ಕಂಡಿರಲಿಲ್ಲ. ಈಗ ಕಂಡ ಮೇಲೆ ಅವಳ ತಲೆ ಸರಸರನೆ ಓಡಿತು. ಅದೇ ಬೀಜ. ಅದೇ ದಿನ ನೆಟ್ಟದ್ದು. ಅದೇ ಬಾವಿಯ ನೀರು, ಅದೇ ಗಾಜು, ಅದೇ ಸೆಕೆ. ಕೈಯೂ ಅದೇ ಅಮಂಗಳದ ಕೈ. ಬೇರೆಯಾದದ್ದು ಒಂದೇ.

"ಕುರುಮಮ್ಮಾ, ಸಲಿಕೆ ತಾ!"

ಅಷ್ಟು ದಿನ ಅವಳು ನೆಲದ ಮೇಲಿನದನ್ನಷ್ಟೇ ನೋಡಿದ್ದಳು. ಬೇರು ಮುಟ್ಟಿದರೆ ಇದ್ದ ಜೀವವೂ ಹೋದೀತೆಂಬ ಭಯ. ಈಗ ತನ್ನ ಸಾಲಿನ ಮೊದಲ ಗಿಡದ ಸುತ್ತ ಅಗೆದು, ಬೇರು ಹರಿಯದಂತೆ ಮಣ್ಣಿನ ಹೆಂಟೆಯನ್ನೇ ಎತ್ತಿ ನೀರಿನ ಬಾನಿಯಲ್ಲಿ ಅದ್ದಿದಳು. ಮಣ್ಣು ಕರಗಿತು. ಮೇಲೆತ್ತಿದಾಗ ಮೂವರೂ ಬಗ್ಗಿ ನೋಡಿದರು.

ಬೇರಿನ ತುಂಬ ಗಂಟು. ಜೋಳದ ಕಾಳನ್ನು ದಾರಕ್ಕೆ ಪೋಣಿಸಿದ ಹಾಗೆ, ಕೆಲವು ಕಡೆ ಹಸಿ ಶುಂಠಿಯ ಹಾಗೆ ಊದಿಕೊಂಡ ಗಂಟುಗಳು. ನೀರು ಹೀರುವ ಸಣ್ಣ ಎಳೆಗಳು ಇಲ್ಲವೇ ಇಲ್ಲ.

"ಇದೇನ ಬಾಯಾರ, ಬೇರಿಗೆ ಮೈಲಿ ಎದ್ದಂಗ ಐತಿ," ಎಂದಳು ಕುರುಮಮ್ಮ.

ಎಡಗಡೆಯದೊಂದು ಅಗೆದರು. ಹಾಗೇ ಇತ್ತು. ಇನ್ನೂ ಬಾಡದೆ ನಿಂತಿದ್ದ ಒಂದನ್ನು ಅಗೆದರು. ಗಂಟು ಇದ್ದವು, ಕಡಿಮೆ ಇದ್ದವು. ಕೊನೆಗೆ ಅಂಬಾಬಾಯಿ ಒಂದು ಡಬ್ಬಿಯನ್ನು ಬೋರಲು ಹಾಕಿದಳು. ಮುದುಕಿಯ ಕೂದಲಿನಂತೆ ಚೊಕ್ಕ ಬಿಳಿಯ ಬೇರು, ದಟ್ಟವಾಗಿ, ಒಂದೂ ಗಂಟಿಲ್ಲದೆ.

ಮನೆಯಿಂದ ಜಯಾಬಾಯಿ ಮಾವನ ಭೂತಗನ್ನಡಿ ತಂದಳು. ಗಂಟೊಂದನ್ನು ಉಗುರಿನಿಂದ ಸೀಳಿ ಹಿಡಿದಾಗ ಒಳಗೆ ಮುತ್ತಿನ ಪುಡಿಯಂಥ ಹೊಳೆಯುವ ಬಿಳಿ ಚುಕ್ಕೆಗಳು ಕಂಡವು. ಸೂಜಿಯಿಂದ ಒಂದನ್ನು ಒತ್ತಿದರೆ ಒಡೆದು ಹನಿಯಾಯಿತು. ಜೀವ ಇದ್ದದ್ದು, ಯಾವುದೋ ಹುಳ.

ಅಂಬಾಬಾಯಿ ನೆಲದ ಮೇಲೆ ಕೂತು ಎಲ್ಲವನ್ನೂ ಜೋಡಿಸಿಕೊಂಡಳು. ಮೂರು ವರ್ಷ ಅದೇ ಮಡಿ, ಅದೇ ಮಣ್ಣು, ಅದೇ ಬೆಳೆ. ಹುಳಕ್ಕೆ ಮೂರು ವರ್ಷದ ಊಟ. ಗಿಡ ಎಳೆಯದಾಗಿದ್ದಾಗ, ಚಳಿ ಇದ್ದಾಗ ಅದಕ್ಕೆ ಬೇಕಾದ ನೀರು ಸ್ವಲ್ಪ. ಕೆಟ್ಟ ಬೇರೂ ಅಷ್ಟನ್ನು ಕೊಟ್ಟೀತು. ಕಾಯಿ ತುಂಬಿ, ಬಿಸಿಲೇರಿ, ಬಾಯಾರಿಕೆ ಹೆಚ್ಚಾದಾಗ ಗಂಟುಬಿದ್ದ ಬೇರು ಸೋತುಬಿಡುತ್ತದೆ. ಅದಕ್ಕೇ ಕೊನೆಗಾಲದಲ್ಲೇ ಬಾಡುವುದು. ಮೊದಲ ವರ್ಷ ಏನೂ ಆಗದೆ, ಎರಡನೆಯ ವರ್ಷ ಅಲ್ಲೊಂದು ಇಲ್ಲೊಂದು ಸತ್ತು, ಮೂರನೆಯ ವರ್ಷ ಸಾಲಿಗೆ ಸಾಲೇ ಬಿದ್ದದ್ದೂ ಅದಕ್ಕೇ.

"ಹುಳ ಮುತ್ತೈದಿ ನೋಡಿಲ್ಲ, ವಿಧವಿ ನೋಡಿಲ್ಲ," ಎಂದಳು. ಜಯಾಬಾಯಿಗೆ ನಗು ಬಂತು. ಅಳು ಇನ್ನೂ ಕಣ್ಣಲ್ಲಿತ್ತು.

ಶಿವರಾತ್ರಿ ಮುಗಿದು ಮೊಗುಲಪ್ಪ ಬಂದ. ಹರಿಗೋಲಿನಲ್ಲಿ ಕೃಷ್ಣೆ ದಾಟಿ, ಈಚೆ ದಡದಿಂದ ಟಾಂಗಾ ಹತ್ತಿ ಬಂದವನ ಜೊತೆ ಗಾಜು ಬಿಚ್ಚುವ ಬಡಗಿಯೂ ಇದ್ದ. ಅನಂತನೂ ಆಚಾರ್ಯರೂ ಮುಂಚೆಯೇ ಬಂದು ನಿಂತಿದ್ದರು. ಮಡಿಗಳಲ್ಲಿ ಒಂದು ಗಿಡವೂ ನಿಂತಿರಲಿಲ್ಲ. ಹೆಂಗಸರು ಎಲ್ಲವನ್ನೂ ಅಗೆದು, ತೊಳೆದು, ಬೇರು ಹೊರಗೆ ಕಾಣುವಂತೆ ದಾರಿಯ ಎರಡೂ ಕಡೆ ಮಲಗಿಸಿದ್ದರು. ನಡುವೆ ನಡೆದು ಬರುವವರು ನೋಡದೆ ಬರುವಂತಿರಲಿಲ್ಲ.

ಅಂಬಾಬಾಯಿ ನಡೆದದ್ದೆಲ್ಲವನ್ನೂ ಹೇಳಿ, ಭೂತಗನ್ನಡಿಯನ್ನು ಆಚಾರ್ಯರ ಮುಂದೆ ಹಿಡಿದಳು. "ಎರಡೂ ಕಡಿ ಸತ್ತಾವ. ಮಾತು ಕೊಟ್ಟಿದ್ರಿ."

ಆಚಾರ್ಯರು ಬೇರನ್ನು ಕೈಗೆ ತೆಗೆದುಕೊಳ್ಳಲಿಲ್ಲ, ಬಗ್ಗಿ ನೋಡಿದರು. ಅವರೇನೂ ದಡ್ಡರಲ್ಲ. ಕಂಡದ್ದನ್ನು ಇಲ್ಲ ಎನ್ನಲಿಲ್ಲ. "ಹುಳ ಅದ, ಒಪ್ಪಿದೆ. ಆದ್ರ ಹುಳ ಯಾಕ ಬಂತು? ಈ ಮಣ್ಣಿಗೇ ಯಾಕ ಬಂತು? ಕಾರಣದ ಹಿಂದ ಒಂದು ಕಾರಣ ಇರ್ತದ ಅಂಬಾಬಾಯಿ. ದೋಷ ಇಲ್ಲದ ಮನಿಗೆ..."

"ಯಾರ ದೋಷ?" ಅಂಬಾಬಾಯಿಯ ದನಿ ಏರಿತು. "ಎಡಗಡಿ ಸಾಲು ಜಯಾಂದು. ಹೇಳ್ರಿ, ಆಕಿ ಗಂಡ ಇಲ್ಲೇ ನಿಂತಾನ. ಅವನ ಮುಂದ ಹೇಳ್ರಿ, ಜಯಾಂದು ಏನು ದೋಷ?"

ಆಚಾರ್ಯರು ಅನಂತನನ್ನು ನೋಡಿದರು. ಅನಂತ ಹೆಂಡತಿಯನ್ನು ನೋಡಿದ. ಜಯಾಬಾಯಿ ಈ ಸಲ ಬಾಗಿಲ ಹಿಂದೆ ಇರಲಿಲ್ಲ. ಸೀರೆಯ ನಿರಿಗೆಗೆಲ್ಲ ಮಣ್ಣು ಮೆತ್ತಿಕೊಂಡು ಅಂಬಾಬಾಯಿಯ ಭುಜಕ್ಕೆ ಭುಜ ಹಚ್ಚಿ ನಿಂತಿದ್ದಳು. ಕಣ್ಣು ತಗ್ಗಿಸಿರಲಿಲ್ಲ.

"ಆಚಾರ್ಯರ, ಸಾಕ್ರಿ," ಎಂದ ಅನಂತ. ದನಿ ಸಣ್ಣದಾಗಿತ್ತು, ಆದರೆ ಎಲ್ಲರಿಗೂ ಕೇಳಿತು. "ಇನ್ನೊಂದು ಮಾತು ಬ್ಯಾಡ."

ವ್ಯಾಸಾಚಾರ್ಯರು ಉತ್ತರೀಯ ಸರಿಮಾಡಿಕೊಂಡು ಹೊರಟುಹೋದರು. ಓಣಿಯಲ್ಲಿ ನಿಂತು ಅವರು ಏನನ್ನೂ ಹೇಳಲಿಲ್ಲ. ಕೊಟ್ಟ ಮಾತನ್ನು ಅವರು ಕೊನೆಗೂ ನಡೆಸಲಿಲ್ಲ.

ಮೊಗುಲಪ್ಪನಿಗೆ ಪಾಪಪುಣ್ಯದ ಗೊಡವೆ ಬೇಕಿರಲಿಲ್ಲ. "ಬಾಯಾರ, ನನಗ ಹುಳ ಆದ್ರೇನು, ದೆವ್ವ ಆದ್ರೇನು. ಮಣ್ಣು ಖರಾಬ್ ಐತಿ ಅಂತ ನೀವ ಹೇಳಾಕತ್ತೀರಿ. ಖರಾಬ್ ಮಣ್ಣಿನ ಮ್ಯಾಲ ಗಾಜಿನ ಮನಿ ಯಾಕ ಬೇಕು? ಬಿಚ್ಚಿಸಿಕೊಂಡು ಹೋಗ್ತೀನಿ."

"ಮಣ್ಣು ತಗದು ಹೊಸಾದು ತುಂಬಿದ್ರ ಆತು."

"ಯಾರು ತಗೀತಾರ? ಜಾಗೀರದ ಆಳು ಒಬ್ಬಂವನ್ನೂ ಕೊಡಾಕ ನನಗ ಹುಕುಂ ಇಲ್ಲ."

"ಆಳು ಯಾರು ಕೇಳಿದ್ರು? ನಾವ ಹೊರ್ತೀವಿ."

ಮೊಗುಲಪ್ಪ ನಕ್ಕ. ಮಡಿಗಳು ಗಾಜಿನ ಮನೆಯ ಈ ತುದಿಯಿಂದ ಆ ತುದಿಯವರೆಗೆ, ಮೊಣಕಾಲಿನ ಆಳಕ್ಕೆ ಇದ್ದವು. "ಆತು. ಯುಗಾದಿಗೆ ಬರ್ತೀನಿ. ಅಷ್ಟರಾಗ ಹಳೇ ಮಣ್ಣು ಹೊರಗ ಬಿದ್ದಿದ್ರ ಗಾಜು ಮುಟ್ಟಂಗಿಲ್ಲ. ಇಲ್ಲಾಂದ್ರ ನನ್ನ ಬಡಗಿ ಇಲ್ಲೇ ಅದಾನ ನೋಡ್ರಿ." ಆ ಮಾತು ಹೇಳುವಾಗ ಅವನಿಗೆ ತಾನು ಗೆದ್ದೆನೆಂದೇ ಅನ್ನಿಸಿತ್ತು.

ಮರುದಿನದಿಂದ ಹೊರುವುದು ಶುರುವಾಯಿತು. ಮಣ್ಣನ್ನು ಪಕ್ಕದಲ್ಲೇ ಸುರಿದರೆ ಮಳೆಗೆ ಹರಿದು ಹುಳ ಮತ್ತೆ ಒಳಗೆ ಬಂದೀತು; ಅದಕ್ಕೇ ರಸ್ತೆ ದಾಟಿ, ಏನೂ ಬೆಳೆಯದ ಗರಸುನೆಲದವರೆಗೆ ಒಯ್ಯಬೇಕು. ಕುರುಮಮ್ಮ ಅಗೆದಳು, ಅಂಬಾಬಾಯಿ ಹೊತ್ತಳು. ಬೋಳು ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ. ಸೆರಗು ಜಾರಿದರೆ ಸರಿಮಾಡಿಕೊಳ್ಳಲು ಕೈ ಖಾಲಿ ಇರಲಿಲ್ಲ. ಜಾರಿದ್ದು ಜಾರಿಯೇ ಇರುತ್ತಿತ್ತು. ನಾರಾಯಣಪೇಟೆಯ ಸಂತೆಗೆ ಹೋಗುವ ನೇಕಾರರ ಬಂಡಿಗಳು ನಿಂತು ನೋಡಿದವು. ದಾರಿಯ ಪಕ್ಕದ ಅಂಗಡಿಯೊಂದರ ಮುಂದೆ ಓಣಿಯ ಜನ ಸೇರಿದರು. ಯಾರೋ ಗಂಡಸು, "ರಾಯರ ಮಗಳು ಮಣ್ಣು ಹೊರೂ ಹಂಗಾತಲ್ಲಪಾ," ಎಂದ, ಕೇಳಲಿ ಎಂದೇ.

ಅಂಬಾಬಾಯಿ ಬುಟ್ಟಿ ಇಳಿಸದೆ ನಿಂತಳು. "ಹೌದು. ಕೂತು ನೋಡೋವ್ರು ಭಾಳ ಮಂದಿ ಇದ್ರು. ಅದಕ್ಕ ಹೊರೋ ಕೆಲಸ ನನಗ ಬಂತು."

ಆಮೇಲೆ ಜಯಾಬಾಯಿಯೂ ಬುಟ್ಟಿ ಹಿಡಿದು ಬಂದಳು, ಹಣೆಯ ತುಂಬ ಕುಂಕುಮ ಇಟ್ಟುಕೊಂಡು, ಹಗಲು ಹೊತ್ತಿನಲ್ಲಿ, ಓಣಿಯ ನಟ್ಟನಡುವೆ ನಡೆದು. ಅವಳ ತವರಿನಿಂದ ಬೈಗುಳ ಬಂತು. ಅನಂತ ಹೆಂಡತಿಯನ್ನು ತಡೆಯಲಿಲ್ಲ; ಕಚೇರಿಗೆ ಹೋಗುವಾಗ ಆ ದಾರಿ ಬಿಟ್ಟು ಸುತ್ತಿ ಹೋದ. ಅಷ್ಟು ಮಾತ್ರ ಅವನಿಂದಾಯಿತು. ಕುರುಮಯ್ಯ ಹಟ್ಟಿಯ ಹೆಂಗಸರನ್ನು ಕಳಿಸಿದ.

ಒಂದು ಮಧ್ಯಾಹ್ನ ತಿಂಗಳ ವಾಡಿಕೆಯಂತೆ ಕ್ಷೌರಿಕ ಹುಡುಕಿಕೊಂಡು ತೋಟಕ್ಕೇ ಬಂದ. ಅಂಬಾಬಾಯಿಯ ತಲೆಯ ಮೇಲೆ ಬೆರಳಗಲದ ಕೂದಲು ಬೆಳೆದು ಬೆವರಿಗೂ ಮಣ್ಣಿಗೂ ಅಂಟಿಕೊಂಡಿತ್ತು. ಅವಳು ಅವನನ್ನು ನೋಡಿ, ಬುಟ್ಟಿಗೆ ಕೈ ಹಚ್ಚಿದಳು. "ಇನ್ನ ಬರೋದು ಬ್ಯಾಡಪ್ಪಾ. ಬುಟ್ಟಿ ಜಾರ್ತದ. ಕೂದಲಿದ್ರ ಸಿಂಬಿ ನಿಂದರ್ತದ." ಅವನು ನಕ್ಕನೆಂದುಕೊಂಡು ಅವಳು ತಿರುಗಿ ನೋಡಿದಳು. ಅವನು ನಗುತ್ತಿರಲಿಲ್ಲ, ಚೀಲ ಹೆಗಲಿಗೆ ಹಾಕಿಕೊಂಡು, ಕೈ ಮುಗಿದು ಹೋದ.

ಯುಗಾದಿಗೆ ಮೊಗುಲಪ್ಪ ಬಂದಾಗ ಮಡಿಗಳ ತಳದ ಕಲ್ಲು ಕಾಣುತ್ತಿತ್ತು. ಅವನು ಒಂದು ಸುತ್ತು ಹಾಕಿದ, ಕಲ್ಲಿನ ಮೇಲೆ ಬೂಟು ಬಡಿದು ನೋಡಿದ. ಜೊತೆಗೆ ಬಂದಿದ್ದ ಬಡಗಿಗೆ, "ನಡಿ," ಎಂದ. ಅಷ್ಟೇ. ಗದ್ವಾಲದ ಕಚೇರಿಯ ಕಿಟಕಿಗೆ ಕೊನೆಗೆ ಮರದ ಹಲಗೆ ಹಾಕಿಸಿದನಂತೆ.

ಬೇಸಿಗೆಯ ಉರಿಗೆ ಖಾಲಿ ಮಡಿಗಳು ಬಿರಿಯುವಂತೆ ಬೆಂದವು. ಬತ್ತಿದ ಕೆರೆಯ ಹೂಳನ್ನು ತಂದು ರಾಶಿ ಹಾಕಿದರು. ಕುರುಮಯ್ಯ ಗೊಬ್ಬರಕ್ಕೆಂದು ರಾತ್ರಿ ಅದರ ಮೇಲೆ ಕುರಿ ತರುಬಿದ. ಬೇವಿನ ಹಿಂಡಿ ಕುಟ್ಟಿ ಬೆರೆಸಿ ತುಂಬಿದರು. ಆ ವರ್ಷದ ಗಿಡಗಳು ಪುಷ್ಯ ದಾಟಿ, ಮಾಘ ದಾಟಿ, ಹಣ್ಣು ಕೊಟ್ಟೇ ನಿಂತವು. ಎಲ್ಲವೂ ಅಲ್ಲ. ಹಿಂದಿನ ಗೋಡೆಯ ಮೂಲೆಯಲ್ಲಿ ಹಳೆಯ ಮಣ್ಣು ಉಳಿದುಹೋದಲ್ಲಿ ನಾಲ್ಕಾರು ಬಾಡಿದವು. ಅಂಬಾಬಾಯಿ ಅವನ್ನು ಕಿತ್ತು ಒಲೆಗೆ ಹಾಕಿದಳು. ಇನ್ನು ಅಲ್ಲಿ ಟಮಾಟಿ ಹಾಕಬಾರದೆಂದು ಜಯಾಬಾಯಿ ಹಟ ಹಿಡಿದು ಚೆಂಡುಹೂ ಹಾಕಿಸಿದಳು. ಅದರ ವಿಷಯದಲ್ಲಿ ಇಬ್ಬರಿಗೂ ಜಗಳವೇ ಆಯಿತು.

ಆ ಫಾಲ್ಗುಣದಲ್ಲಿ, ಸುದ್ದಿ ಕೇಳಿ, ಧನ್ವಾಡದಿಂದ ಬುಚ್ಚಮ್ಮನೆಂಬ ರೈತರ ಹೆಂಗಸು ಬಂಡಿ ಕಟ್ಟಿಕೊಂಡು ಬಂದಳು. ಅವಳ ಬದನೆಯ ಹೊಲ ಇದ್ದಕ್ಕಿದ್ದಂತೆ ಬಾಡುತ್ತಿತ್ತು. ಹೊಲದ ಬದಿಯಲ್ಲಿ ತಾನು ಗುಡಿಸಲು ಹಾಕಿದ್ದೇ ತಪ್ಪೆಂದು, ತನ್ನ ನೆರಳು ಬಿತ್ತೆಂದು ಊರವರು ಅನ್ನುತ್ತಿದ್ದಾರೆಂದಳು. ಅವಳೂ ಗಂಡ ಸತ್ತವಳು.

"ಅಕ್ಕಾ, ಅಷ್ಟು ದೂರ, ಒಬ್ಬಾಕಿನೇ, ಅವರ ಬಂಡಿಯೊಳಗ..." ಎಂದ ಅನಂತ.

"ಒಬ್ಬಾಕಿನೇ ಯಾಕ? ಜಯಾನೂ ಬರ್ತಾಳ," ಎನ್ನುತ್ತ ಅಂಬಾಬಾಯಿ ಬಂಡಿ ಹತ್ತಿದಳು.

ಹೊಲ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಊರವರು ಬದುವಿನ ಮೇಲೆ ಸಾಲಾಗಿ ಕೂತಿದ್ದರು. ಅಂಬಾಬಾಯಿ ಯಾರ ಕಡೆಯೂ ನೋಡದೆ ಬಾಡಿದ ಗಿಡವೊಂದನ್ನು ಅಗೆದು ಬೇರು ತೊಳೆದಳು. ಗಂಟಿರಲಿಲ್ಲ. ಬೇರು ಬೆಳ್ಳಗೆ, ಚೊಕ್ಕವಾಗಿತ್ತು. ಬದುವಿನ ಮೇಲೆ ಗುಸುಗುಸು ಎದ್ದಿತು. ಬುಚ್ಚಮ್ಮನ ಮುಖ ಇಳಿಯಿತು.

"ಇದು ಬ್ಯಾರೆ ರೋಗ," ಎಂದಳು ಅಂಬಾಬಾಯಿ, ಎಲ್ಲರಿಗೂ ಕೇಳುವಂತೆ. "ಏನಂತ ನನಗಿನ್ನೂ ಗೊತ್ತಿಲ್ಲ. ಜಯಾ, ಕುಡಗೋಲು ಕೊಡು. ಬುಚ್ಚಮ್ಮಾ, ಒಂದು ಲೋಟ ತಿಳಿನೀರು ತಾ. ಕಾಂಡ ಸೀಳಿ ನೋಡೋಣ."